ಲಾಭದ ಮೇಲೆ ನಿಂತ ಅಳತೆ

ಮಾಲು ಕಂಡ ತಕ್ಷಣ ಮನಸ್ಸಿನಲ್ಲೇ ಬೆಲೆ ಕಟ್ಟುವುದು ನಮ್ಮ ಕಸುಬಿನ ಚಟ. ಅಮ್ಮಯಮ್ಮನನ್ನು ಮೊದಲ ಸಲ ನೋಡಿದಾಗಲೂ ಕಟ್ಟಿದೆ. ತೂಕ, ಸೀರೆ ಸೆರಗು ಎಲೆಅಡಿಕೆ ಚೀಲ ಎಲ್ಲ ಸೇರಿಸಿದರೂ ಅರ್ಧ ಮೂಟೆ ರಾಗಿಗಿಂತ ಕಡಿಮೆ. ಚೆನ್ನಾಗಿ ಒಣಗಿದ ಮಾಲು. ತೇವವಿಲ್ಲ, ಹುಳ ಹಿಡಿದಿಲ್ಲ. ಮೇಲ್ನೋಟಕ್ಕೆ ಎರಡನೇ ದರ್ಜೆ: ಮುಂದಿನ ಹಲ್ಲು ಕೆಲವು ಖಾಲಿ, ಬಲಗಣ್ಣು ಪೊರೆ ತೆಗೆಸಿದ್ದು, ಎಡಗಣ್ಣು ತೆಗೆಸಬೇಕಾದದ್ದು. ಗಂಟಲು ಮಾತ್ರ ಮೊದಲ ದರ್ಜೆ. ಆಕೆ ಬಂಡೆಯ ಮೇಲೆ ನಿಂತು ಎಮ್ಮೆಯನ್ನು ಕರೆದರೆ, ಮಾಕಳಿದುರ್ಗದ ಬೆಟ್ಟ ಹತ್ತುತ್ತಿರುವ ಬೆಂಗಳೂರಿನವರು ತಮ್ಮನ್ನೇ ಯಾರೋ ಗದರಿದರೆಂದು ನಿಂತು ನೋಡುತ್ತಾರೆ. ಚೌಕಾಸಿಗೆ ಬಗ್ಗುವ ಮಾಲಲ್ಲ. ಕೊಂಡರೆ ಅಂಗಡಿಯಲ್ಲಿ ಇಟ್ಟುಕೊಳ್ಳುವುದು ಕಷ್ಟ, ಬಿಟ್ಟರೆ ಪಕ್ಕದ ಅಂಗಡಿಯವನು ಎತ್ತಿಕೊಂಡು ಹೋಗುತ್ತಾನೆಂಬ ಹೊಟ್ಟೆಯುರಿ. ಇಂಥದ್ದಕ್ಕೆ ನಾವು ದರ ಹೇಳುವುದಿಲ್ಲ, ‘ನೋಡೋಣ’ ಎನ್ನುತ್ತೇವೆ. ನಾನು ಆಕೆಯ ವಿಷಯದಲ್ಲಿ ಎಷ್ಟೋ ವರ್ಷಗಳಿಂದ ನೋಡುತ್ತಲೇ ಇದ್ದೇನೆ.

ನನ್ನದು ದೊಡ್ಡಬಳ್ಳಾಪುರದಲ್ಲಿ ರಾಗಿ, ಹುರುಳಿ, ಅವರೆ, ಕಡಲೆಬೀಜ, ಹುಣಸೆಹಣ್ಣಿನ ವ್ಯಾಪಾರ. ಅಕ್ಕಪಕ್ಕದವರೆಲ್ಲ ಮಗ್ಗ ಹಾಕಿ ಮೈ ಮುಚ್ಚುವ ಕಸುಬಿಗೆ ಇಳಿದಾಗ ನಮ್ಮಪ್ಪ ಯಾಕೋ ಹೊಟ್ಟೆಯ ಕಡೆ ಹೋದರು, ನಾನೂ ಅಲ್ಲೇ ಉಳಿದೆ. ಸಂಕ್ರಾಂತಿ ಕಳೆಯುತ್ತಲೇ ಚಲಪತಿಯ ಟಾಟಾ ಏಸ್ ಹತ್ತಿ ಹಳ್ಳಿ ಸುತ್ತುತ್ತೇನೆ. ಗಾಡಿಯ ಮಾಲೀಕ, ಡ್ರೈವರು, ನನ್ನ ತಪ್ಪು ಎತ್ತಿ ಆಡುವವನು, ಮೂರೂ ಈ ಚಲಪತಿಯೇ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಪೊಲೀಸರ ಮುಂದೆ ಮೌನ.

ಅಮ್ಮಯಮ್ಮನ ಊರು ಮಾಕಳಿದುರ್ಗದ ಬುಡದಲ್ಲಿದೆ. ಊರ ಹೊರಗೆ, ನೆಲಕ್ಕೆ ಚಾಪೆ ಹಾಸಿದಂತೆ ಬಿದ್ದುಕೊಂಡಿರುವ ದೊಡ್ಡ ಹಾಸುಬಂಡೆ. ತಲೆಮಾರುಗಳಿಂದ ಅದೇ ಊರೊಟ್ಟಿನ ಕಣ. ಈಗ ಹೆಚ್ಚಿನವರು ಹೊಲದಲ್ಲೇ ಯಂತ್ರ ಬಿಟ್ಟು ರಾಗಿ ಬಿಡಿಸಿಕೊಳ್ಳುತ್ತಾರೆ. ಅಮ್ಮಯಮ್ಮನ ಹೊಲಕ್ಕೆ ಯಂತ್ರ ಇಳಿಯುವ ದಾರಿಯಿಲ್ಲ. ಇದ್ದರೂ ಆಕೆ ಇಳಿಸುವವಳಲ್ಲ. ಹುಲ್ಲು ಪುಡಿಯಾದರೆ ಅವಳ ಎಮ್ಮೆಗಳು ಮೂತಿ ತಿರುಗಿಸುತ್ತವಂತೆ. ಹೀಗಾಗಿ ಬಂಡೆಯೊಂದು ಕೈ ತಪ್ಪಿದರೆ ಆಕೆಗೆ ಒಕ್ಕಣೆ ಮಾಡಲು ತಾರು ರಸ್ತೆಯೇ ಗತಿ. ರಸ್ತೆಯ ಮೇಲೆ ತೆನೆ ಹರಡಿ ಲಾರಿಗಳಿಂದ ತುಳಿಸುವುದೆಂದರೆ, ಆಕೆಯ ಮಾತಿನಲ್ಲಿ, ದಾರಿಹೋಕನ ಕೈಲಿ ಮೊಮ್ಮಗುವಿನ ತೊಟ್ಟಿಲು ತೂಗಿಸಿದ ಹಾಗೆ.

ಆ ಬಂಡೆಯ ಮೇಲೆ ಅಳತೆಗೊಂದು ಕ್ರಮವುಂಟು. ತೂರಿದ ರಾಗಿಯನ್ನು ರಾಶಿ ಮಾಡಿ, ಸುತ್ತ ಬೂದಿಯ ಗೆರೆ ಎಳೆದು, ನೆತ್ತಿಯ ಮೇಲೆ ಸಗಣಿಯ ಬೆನಕನನ್ನು ಕೂರಿಸಿ, ಅವನಿಗೆ ಅಣ್ಣೆಹೂ ಮುಡಿಸಿ, ಕರ್ಪೂರ ಹಚ್ಚಿದ ಮೇಲೆ ಅಮ್ಮಯಮ್ಮ ಕೊಳಗ ಹಿಡಿಯುತ್ತಾಳೆ. ಕೊಳಗವೆಂದರೆ ಕಬ್ಬಿಣದ ಪಟ್ಟಿ ಬಡಿದ ಹಳೆಯ ಮರದ ಅಳತೆ ಪಾತ್ರೆ. ಮೊದಲ ಕೊಳಗ ತುಂಬಿ ಮೂಟೆಗೆ ಸುರಿಯುವಾಗ ಆಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾಳೆ. ಆಮೇಲೆ ಎರಡು, ಮೂರು. ಇದು ಆಕೆ ಹುಟ್ಟಿಸಿದ್ದಲ್ಲ, ನಮ್ಮ ಸೀಮೆಯ ಹಳೆಯ ಎಣಿಕೆ. ನಮ್ಮ ಅಂಗಡಿಯಲ್ಲೂ ಅಪ್ಪ ತೆಂಗಿನಕಾಯಿಯನ್ನು ಹಾಗೇ ಎಣಿಸುತ್ತಿದ್ದರು.

ಆ ಊರಿನಲ್ಲಿ ಇದಕ್ಕೊಂದು ಬಾಲವೂ ಇದೆ. ಒಮ್ಮೆ ‘ಲಾಭ’ ಎಂದ ಮೇಲೆ ಅಳತೆ ಮುಗಿಯುವವರೆಗೆ ಬಂಡೆಯ ಮೇಲೆ ಚಪ್ಪಲಿ ಇಡುವಂತಿಲ್ಲ, ಗಾಡಿ ಹತ್ತಿಸುವಂತಿಲ್ಲ, ಅಳೆಯುವವರ ಕೊಳಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದವನ ಮನೆಯಲ್ಲಿ ರಾಶಿ ನಿಲ್ಲುವುದಿಲ್ಲವೆಂದು ನಂಬಿಕೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಅದಕ್ಕೇ ಇರಬೇಕು, ಯಾರೂ ಮೀರಿಯೂ ಇಲ್ಲ. ಅಳತೆಯಾದ ಮೇಲೆ ನಾನು ನನ್ನ ಎಲೆಕ್ಟ್ರಾನಿಕ್ ಕಾಟಾ ಇಟ್ಟು ಅದೇ ಮೂಟೆಗಳನ್ನು ಮತ್ತೆ ತೂಗುತ್ತೇನೆ. ನನ್ನ ಪೆಟ್ಟಿಗೆ ಏನು ಹೇಳಿತೆಂದು ಆಕೆ ಕೇಳುತ್ತಾಳೆ, ಕೇಳಿ ನಂಬದೆ ತಲೆಯಾಡಿಸುತ್ತಾಳೆ.

ಹೋದ ವರ್ಷ ಈ ಬಂಡೆಯ ಮೇಲೆ ಕೆಂಪರಾಜುವಿನ ಕಣ್ಣು ಬಿತ್ತು. ಕೆಂಪರಾಜು ಅಮ್ಮಯಮ್ಮನ ಮೈದುನನ ಮಗ. ದಿನಕ್ಕೊಂದು ಯೋಜನೆ ಹಾಕುವ ಆಸಾಮಿ. ಕೋಳಿ ಫಾರಂ, ನೀರಿನ ಕ್ಯಾನು, ಬಾಡಿಗೆ ಶಾಮಿಯಾನ ಎಲ್ಲ ಮಾಡಿ ಬಿಟ್ಟಿದ್ದ. ಶನಿವಾರ ಭಾನುವಾರ ಬೆಟ್ಟ ಹತ್ತಲು ಬರುವವರ ಕಾರು ಬೈಕುಗಳು ರಸ್ತೆಯುದ್ದಕ್ಕೂ ನಿಲ್ಲುವುದನ್ನು ನೋಡಿ ಅವನಿಗೆ ಹೊಳೆಯಿತು: ಬಂಡೆಯನ್ನು ಪಾರ್ಕಿಂಗ್ ಮಾಡಿ, ಒಂದು ಮೂಲೆಯಲ್ಲಿ ಟಿಕೆಟ್ ಕೌಂಟರು, ಇನ್ನೊಂದು ಮೂಲೆಯಲ್ಲಿ ಶೀಟು ಹೊದಿಸಿ ಟೀ, ಮ್ಯಾಗಿ. ಬಂದದ್ದರಲ್ಲಿ ಒಂದು ಪಾಲು ಊರ ದೇವಸ್ಥಾನದ ಗೋಪುರಕ್ಕೆ ಎಂದ. ಗೋಪುರದ ಮಾತು ಬಂದ ಮೇಲೆ ಬೇಡ ಎನ್ನುವ ಬಾಯಿ ಊರಲ್ಲಿ ಯಾರಿಗಿದೆ? ಬಂಡೆಯ ಮೇಲೆ ಕಾಳು ಹರಡಿ ವರ್ಷಗಳಾಗಿದ್ದ ಮನೆಗಳೆಲ್ಲ ತಲೆಯಾಡಿಸಿದವು. ಅಮ್ಮಯಮ್ಮ ಒಬ್ಬಳೇ ಆಡಿಸಲಿಲ್ಲ.

ಕೊನೆಗೆ ಊರ ಹಿರಿಯ ಮುನಿವೆಂಕಟಪ್ಪ ನಡುವೆ ಬಂದು ತೀರ್ಮಾನ ಹೇಳಿದರು. ಈ ಸುಗ್ಗಿಯ ಕೊನೆಯ ರಾಶಿ ಅಳೆದು ಎತ್ತುವ ತನಕ ಬಂಡೆ ಕಣವಾಗಿಯೇ ಇರಲಿ. ಎತ್ತಿದ ಮಾರನೆಯ ದಿನದಿಂದ ಕೆಂಪರಾಜುವಿನದು. ಉಳಿದಿದ್ದದ್ದು ಅಮ್ಮಯಮ್ಮನ ರಾಶಿ ಒಂದೇ. ಆಕೆ ಕೇಳಿದ ತಕ್ಷಣ ಒಪ್ಪಿಕೊಂಡಳು. ವ್ಯಾಪಾರದಲ್ಲಿ ಎದುರಿನವರು ಇಷ್ಟು ಬೇಗ ಒಪ್ಪಿದರೆ ನಾವು ಮೊದಲು ನಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ. ಕೆಂಪರಾಜು ಮುಟ್ಟಿಕೊಳ್ಳಲಿಲ್ಲ.

ಅಳತೆಯ ದಿನ ನಾನೂ ಚಲಪತಿಯೂ ಹೋದೆವು. ಕೆಂಪರಾಜು ಆಗಲೇ ಬಂದು ನಿಂತಿದ್ದ, ಜೊತೆಗೆ ಬಂಡೆಗೆ ಬಿಳಿ ಗೆರೆ ಬಳಿಯಲು ಇಬ್ಬರು ಪೇಂಟರುಗಳು. ಬೆನಕನಿಗೆ ಪೂಜೆಯಾಯಿತು. ಅಮ್ಮಯಮ್ಮ ಕೊಳಗ ತುಂಬಿ, ಅಂಗೈಯಲ್ಲಿ ಮಟ್ಟ ಸವರಿ, ಮೂಟೆಗೆ ಸುರಿದು, ಬೆಟ್ಟಕ್ಕೆ ಕೇಳುವ ಹಾಗೆ ‘ಲಾಭ’ ಎಂದಳು. ಆಮೇಲೆ ಕೊಳಗವನ್ನು ರಾಶಿಯ ಮಗ್ಗುಲಿಗೆ ಒರಗಿಸಿ, ಕೈ ಕೊಡವಿ, ಹೊಂಗೆ ಮರದ ಕೆಳಗೆ ಹೋಗಿ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು.

ನಾವು ಕಾದೆವು. ಎಲೆಗೆ ಸುಣ್ಣ ಹಚ್ಚಿದ್ದಾಯಿತು, ಅಡಿಕೆ ಹೋಳಾಯಿತು, ಬಾಯಿಗೆ ಹಾಕಿ ಅಗಿದದ್ದೂ ಆಯಿತು. ಮೂಟೆ ಬಾಯಿ ತೆರೆದುಕೊಂಡು ಹಾಗೇ ನಿಂತಿತ್ತು.

“ದೊಡ್ಡಮ್ಮ, ಎರಡು ಅನ್ನು,” ಎಂದ ಕೆಂಪರಾಜು.

“ಅಂತೀನಿ ಕಣಪ್ಪಾ. ಈಗ್ಲೇ ಅಂತೀನಿ ಅಂತ ಯಾರಂದ್ರು?”

“ಮತ್ಯಾವಾಗ?”

“ಕೈ ನೋಯ್ತಾ ಐತೆ. ನೋವು ಹೋಗ್ಲಿ.”

“ಯಾವತ್ತಿಗೆ ಹೋಗ್ತದೆ?”

“ವಯಸ್ಸಾದೋರ ನೋವಿಗೆ ತಾರೀಕು ಕೊಡಕ್ಕಾಯ್ತದಾ? ನಿಮ್ಮಮ್ಮನ್ನೇ ಕೇಳು, ಅವಳ ಮಂಡಿನೋವು ಯಾವತ್ತು ಹೊಂಡ್ತದೆ ಅಂತ.”

ಪೇಂಟರುಗಳು ಡಬ್ಬದ ಮುಚ್ಚಳ ತೆಗೆದಿದ್ದರು, ಮತ್ತೆ ಮುಚ್ಚಿದರು. ತಾನೇ ಅಳೆದುಬಿಡುತ್ತೇನೆ ಎಂದು ಕೆಂಪರಾಜು ಎರಡು ಹೆಜ್ಜೆ ಮುಂದೆ ಇಟ್ಟ. ಮುನಿವೆಂಕಟಪ್ಪ ಸುಮ್ಮನೆ ಕೆಮ್ಮಿದರು. ದೊಡ್ಡಬಳ್ಳಾಪುರದ ಹೋಟೆಲಿನಲ್ಲಿ ಕೂತರೆ ಇದೆಲ್ಲ ಮೂಢನಂಬಿಕೆ ಎಂದು ಭಾಷಣ ಹೊಡೆಯುವ ಕೆಂಪರಾಜು, ಕೆಮ್ಮು ಕೇಳಿ ಎರಡು ಹೆಜ್ಜೆ ಹಿಂದೆ ಬಂದ. ಆಗ ನೋಡಿದೆ, ಅವನು ಬೂಟುಗಳನ್ನು ಬಂಡೆಯ ಅಂಚಿನಲ್ಲೇ ಬಿಚ್ಚಿಟ್ಟು ಬಂದಿದ್ದ.

ನನಗೂ ನಗು ಬರುವ ಸ್ಥಿತಿಯಿರಲಿಲ್ಲ. ಖಾಲಿ ಗಾಡಿ ವಾಪಸು ಹೊರಟಿತು. “ಅಣ್ಣಾ, ಇವತ್ತು ಒಂದು ಕೊಳಗ ಲಾಭ, ಎರಡು ಕಡೆ ಡೀಸೆಲ್ ನಷ್ಟ,” ಎಂದು ಚಲಪತಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದ. ಅವನಿಗೆ ಒಂದು ಮಾತು ಸಿಕ್ಕಿದರೆ ಟೈರು ಸವೆಯುವ ತನಕ ಬಿಡುವವನಲ್ಲ.

ಮುಂದಿನ ವಾರ ಹೋದಾಗಲೂ ಅದೇ ಕಥೆ. ರಾಶಿಗೆ ಟಾರ್ಪಾಲು ಹೊದಿಸಿ ಕಲ್ಲು ಹೇರಿದ್ದಳು. ದಿನಾ ಬೆಳಿಗ್ಗೆ ಬೂದಿಗೆರೆ ಹೊಸದಾಗಿ ಎಳೆಯುತ್ತಾಳಂತೆ, ಇಬ್ಬನಿ ಇಳಿದ ಮೇಲೆ ಹೊದಿಕೆ ಸರಿಸಿ ಬಿಸಿಲು ತೋರಿಸುತ್ತಾಳಂತೆ, ಕೈ ಮಾತ್ರ ಇನ್ನೂ ನೋಯುತ್ತದಂತೆ. ಆ ನೋಯುವ ಕೈಯಲ್ಲೇ ಎಮ್ಮೆಗೆ ಹುಲ್ಲಿನ ಹೊರೆ ಎತ್ತಿ ಹಾಕುತ್ತಿದ್ದಳು. ಬೆಟ್ಟ ಇಳಿದು ಬಂದ ಬೆಂಗಳೂರಿನ ಒಂದು ಗುಂಪು ಸೆಲ್ಫಿಗೆಂದು ಬಂಡೆ ಹತ್ತಿ, ಆಕೆಯ ಗಂಟಲಿಗೆ ಸಿಕ್ಕಿ, ಬರಿಗಾಲಲ್ಲಿ ಇಳಿದು ಹೋಯಿತು.

ಕೆಂಪರಾಜು ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಮೂಟೆಯ ಮೇಲೆ ಕೂತು, ಹೊಸ ವಾದ ಹೂಡಿದ. ಲಾಭ ಎಂದರೆ ಒಂದಲ್ಲವಲ್ಲ. ಒಂದು ಎಂದು ಹೇಳಿಯೇ ಇಲ್ಲವೆಂದ ಮೇಲೆ ಅಳತೆ ಶುರುವೇ ಆಗಿಲ್ಲ. ಶುರುವಾಗದ ಅಳತೆಗೆ ಯಾವ ಕಟ್ಟು? ಹಾಗಿದ್ದರೆ ಅದು ಬರೀ ಗುಡ್ಡೆ, ಎತ್ತಿ ಪಕ್ಕಕ್ಕೆ ಹಾಕಿದರೆ ತಪ್ಪಿಲ್ಲ. ಇದನ್ನು ಊರಿಗೆ ಬಂದು ಹೇಳಲು ಅವನಿಗೆ ನಾನು ಬೇಕಿತ್ತು. ಬೆಳಗಿನಿಂದ ಸಂಜೆತನಕ ಲಾಭ ಲಾಭ ಅನ್ನೋನು ನೀನು, ಅದರ ಅರ್ಥ ನಿನಗಿಂತ ಯಾರಿಗೆ ಗೊತ್ತು, ಎಂದ. ಟೀ ಅಂಗಡಿ ಶುರುವಾದರೆ ಕಡಲೆಬೀಜವೆಲ್ಲ ನನ್ನಲ್ಲೇ ಕೊಳ್ಳುವುದಾಗಿಯೂ ಸೇರಿಸಿದ. ಕಡಲೆಬೀಜದ ಮಾತು ಬಂದ ಮೇಲೆ ನನಗೂ ಭಾಷೆಯ ಬಗ್ಗೆ ಆಸಕ್ತಿ ಹುಟ್ಟಿತು.

ಮೊದಲು ಹಿಡಿದದ್ದು ಪಾಪಯ್ಯ ಮೇಷ್ಟ್ರನ್ನು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ದಿನಾ ನನ್ನ ಅಂಗಡಿಗೆ ಪೇಪರು ಓದಲು ಬಂದು, ಕಡಲೆಬೀಜದ ಗುಣಮಟ್ಟವನ್ನೂ ಪರೀಕ್ಷಿಸಿ ಹೋಗುತ್ತಾರೆ. ಲಭ್ ಎಂಬುದು ಧಾತು, ಪಡೆಯುವುದು, ಸಿಗುವುದು ಎಂದು ಅರ್ಥ ಎಂದರು. ಸಿಗಬಹುದಾದದ್ದು ಲಭ್ಯ, ಸರಾಗವಾಗಿ ಸಿಗುವುದು ಸುಲಭ, ಹರಸಾಹಸಪಟ್ಟರೂ ಸಿಗದಂಥದ್ದು ದುರ್ಲಭ. ಶಾಲೆಯಲ್ಲಿ ಭಾಗಾಕಾರ ಮಾಡಿ ಬರೆದ ಭಾಗಲಬ್ಧವೂ ಇದೇ ಮನೆಯ ಕೂಸು. ಮಗ ಹುಟ್ಟಿದರೆ ಪುತ್ರಲಾಭ, ಬಸ್ಸಿನಲ್ಲಿ ಬಿಟ್ಟ ಕೊಡೆ ಮರಳಿ ಸಿಕ್ಕರೆ ಅದೂ ಲಾಭವೇ. ಮೂಲದಲ್ಲಿ ಕೊಳ್ಳುವುದು, ಮಾರುವುದು, ತೂಕದಲ್ಲಿ ಹೊಡೆಯುವುದು ಇವು ಯಾವುದರ ವಾಸನೆಯೂ ಆ ಮಾತಿಗಿಲ್ಲವಂತೆ. ಅದನ್ನು ಅಂಗಡಿಗೆ ಎಳೆದು ತಂದವರು ನಮ್ಮಂಥವರು. ಲೋಭವೂ ಇದೇ ಧಾತುವಿನ ಕೂಸು ಎಂದು ನಾನು ತಿಳಿದಿದ್ದೆ. ಅಲ್ಲ, ಅದು ಲುಭ್ ಎಂಬ ಬೇರೆ ಧಾತು, ಎರಡಕ್ಕೂ ಸಂಬಂಧವಿಲ್ಲ ಎಂದು ಗದರಿದರು. ಇರಬಹುದು, ನಮ್ಮ ಪೇಟೆಯಲ್ಲಿ ಮಾತ್ರ ಎರಡೂ ಒಂದೇ ಗೋಡೆಯ ಆಚೆ ಈಚೆ ಬಾಡಿಗೆಗಿವೆ. ಹಾಗಾದರೆ ಲಾಭ ಎಂದರೆ ಒಂದು ಎಂದು ಅರ್ಥವೇ ಎಂದು ಕೇಳಿದ್ದಕ್ಕೆ, ಅದು ಸಂಖ್ಯೆಯೇ ಅಲ್ಲ ಎಂದರು. ಕೆಂಪರಾಜುವಿಗೆ ಒಂದು ಅಂಕ.

ಚಲಪತಿ ಇದನ್ನು ಕೇಳಿ ಸ್ಟೀರಿಂಗ್ ಬಿಟ್ಟು ನಕ್ಕ. ಹಿಂದೂಪುರದ ಕಡೆ ಅವನ ಅಜ್ಜನ ಮನೆಯಲ್ಲಿ ಭತ್ತ ಅಳೆಯುವಾಗ ‘ಲಾಭಂ, ರೆಂಡು, ಮೂಡು’ ಎಂದೇ ಎಣಿಸುತ್ತಿದ್ದರಂತೆ. ಹುಣಸೆಹಣ್ಣು ಒಯ್ಯಲು ಬರುವ ಕೃಷ್ಣಗಿರಿಯ ಲಾರಿಯವನನ್ನು ಕೇಳಿದೆ. ಅವನ ತಾತನೂ ತಮಿಳಿನಲ್ಲಿ ‘ಲಾಬಂ, ರೆಂಡು, ಮೂಣು’. ಮೂರು ಭಾಷೆಗಳಲ್ಲಿ ಒಂದೇ ಮಾತು ಪಾಪದ ಒಂದನೆಯ ಸಂಖ್ಯೆಯನ್ನು ಕಣದಿಂದ ಓಡಿಸಿ ಅದರ ಜಾಗದಲ್ಲಿ ಕೂತಿದೆ. ಅಮ್ಮಯಮ್ಮನಿಗೆ ಎರಡು ಅಂಕ.

ಎದುರು ಬಟ್ಟೆ ಅಂಗಡಿಯ ಸೇಟು ಕುಂಕುಮದಲ್ಲಿ ಬರೆದ ತನ್ನ ಗೋಡೆಯನ್ನೇ ತೋರಿಸಿದ: ಗಣಪತಿಯ ಒಂದು ಮಗ್ಗುಲಲ್ಲಿ ಶುಭ, ಇನ್ನೊಂದು ಮಗ್ಗುಲಲ್ಲಿ ಲಾಭ. ಅವರ ಕಡೆ ಇಬ್ಬರೂ ಗಣಪತಿಯ ಮಕ್ಕಳಂತೆ. ನಮ್ಮ ಗಣಪತಿಗೆ ಮದುವೆಯೇ ಆಗಿಲ್ಲ, ಅವರ ಗಣಪತಿ ಸಂಸಾರ ಹೂಡಿ ಮಕ್ಕಳನ್ನು ವ್ಯಾಪಾರಕ್ಕೂ ಹಚ್ಚಿದ್ದಾನೆ. ಆಮೇಲೆ ಸೇಟು ತಮ್ಮ ಮಂದಿರದ ಆಮಂತ್ರಣ ಪತ್ರಿಕೆ ತೆಗೆದು, ದೊಡ್ಡ ಅಕ್ಷರದಲ್ಲಿದ್ದ ಒಂದು ಕುಟುಂಬದ ಹೆಸರು ತೋರಿಸಿದ. ಮೇಲೆ ‘ಲಾಭಾರ್ಥಿ’ ಎಂದಿತ್ತು. ಊಟಕ್ಕೆ ಬರುವವರೇ ಎಂದೆ. ಅಲ್ಲ, ಊಟ ಹಾಕಿಸುವವರು. ಹಾಕಿಸುವವರು ಹೇಗೆ ಲಾಭಾರ್ಥಿ ಎಂದು ಕೇಳಿದ್ದಕ್ಕೆ, ಹಾಕಿಸುವ ಪುಣ್ಯ ಸಿಕ್ಕಿತಲ್ಲ ಭಾಯ್, ಎಂದು ನನ್ನನ್ನು ಕನಿಕರದಿಂದ ನೋಡಿದ. ಅವನ ಅಂಗಡಿಯ ಟೀವಿಯಲ್ಲಿ ಅದೇ ಹೊತ್ತಿಗೆ ಹಿಂದಿ ವಾರ್ತೆಯವಳು ಸರ್ಕಾರದಿಂದ ಗ್ಯಾಸ್ ಸಿಲಿಂಡರು ತೆಗೆದುಕೊಂಡವರನ್ನೂ ಲಾಭಾರ್ಥಿ ಎನ್ನುತ್ತಿದ್ದಳು. ನಾವು ಅವರಿಗೆ ಫಲಾನುಭವಿ ಎನ್ನುತ್ತೇವೆ. ಕೊಡುವ ಕೈಗೂ ಪಡೆಯುವ ಕೈಗೂ ಒಂದೇ ಬಳೆ ತೊಡಿಸಿದ್ದಾರೆ.

ಬಸ್ ಸ್ಟ್ಯಾಂಡಿನ ಪಕ್ಕದ ಬೇಕರಿಯ ಮಲಯಾಳಿಗೆ, ಯಾವುದಾದರೂ ಅಗ್ಗವಾಗಿ ಸಿಕ್ಕಿದರೆ ‘ಲಾಭತ್ತಿನು ಕಿಟ್ಟಿ’. ನಾವು ಮಾರಿದವನ ಕಡೆ ಕೂರಿಸಿದ ಲಾಭವನ್ನು ಅವರು ಕೊಂಡವನ ಕಡೆಗೂ ಕೂರಿಸಿದ್ದಾರೆ. ಆ ಭಾಷೆಯಲ್ಲಿ ಅಂಗಡಿ ಇಡುವ ಧೈರ್ಯ ನನಗೆ ಬರಲಿಲ್ಲ. ಮಗ್ಗದಲ್ಲಿ ಕೆಲಸ ಮಾಡುವ ಬಂಗಾಳದವನೊಬ್ಬ ನನ್ನ ಪ್ರಶ್ನೆಯನ್ನೆಲ್ಲ ಕೇಳಿಸಿಕೊಂಡು, ‘ಲಾಭ್ ನೇಯಿ’ ಎಂದು ತನ್ನ ಕೆಲಸಕ್ಕೆ ತಿರುಗಿದ. ಏನೂ ಪ್ರಯೋಜನವಿಲ್ಲ ಎಂದಂತೆ. ಇಡೀ ಪೇಟೆಯಲ್ಲಿ ನನ್ನ ಸಂಶೋಧನೆಗೆ ಸರಿಯಾದ ಬೆಲೆ ಕಟ್ಟಿದವನು ಅವನೇ ಎಂದು ಆಮೇಲೆ ತಿಳಿಯಿತು.

ಲಾಭದ ಈ ಅರ್ಥಗಳನ್ನೆಲ್ಲ ಸ್ಯಾಂಪಲ್ ಪೊಟ್ಟಣಗಳ ಹಾಗೆ ಕಟ್ಟಿಕೊಂಡು ಊರಿಗೆ ಹೋದೆ. ಹೊಂಗೆ ಮರದ ಕೆಳಗೆ ಮುನಿವೆಂಕಟಪ್ಪ, ಕೆಂಪರಾಜು, ಅಮ್ಮಯಮ್ಮ ಕೂತರು. ಒಂದೊಂದೇ ಬಿಚ್ಚಿದೆ. ಅಮ್ಮಯಮ್ಮ ಎಲ್ಲದಕ್ಕೂ ಒಂದೇ ಪ್ರಶ್ನೆ ಕೇಳಿದಳು: ಅವರು ಏನು ಬೆಳೀತಾರೆ? ಮೇಷ್ಟ್ರು ಏನೂ ಬೆಳೆಯುವುದಿಲ್ಲ. ಸೇಟು ಇಲ್ಲ. ಬೇಕರಿಯವನೂ ಇಲ್ಲ. ಚಲಪತಿಯ ಅಜ್ಜ, ಲಾರಿಯವನ ತಾತ ಎಂದಾಗ, ಅವರು ಬೆಳೆದೋರು, ಅದುಕ್ಕೇ ಸರಿಯಾಗಿ ಅಂದವ್ರೆ, ಎಂದು ಎರಡು ಪೊಟ್ಟಣ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ವಾಪಸು ಮಾಡಿದಳು.

ಕೆಂಪರಾಜು ತಾಳ್ಮೆ ಕಳೆದುಕೊಂಡ. “ಅಲ್ಲ ದೊಡ್ಡಮ್ಮ, ಸುಮ್ನೆ ಒಂದು ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?”

“ಒಂದು ಅಂದ್ರೆ ಎಣಿಸ್ದಂಗಾಯ್ತದೆ ಕಣೋ. ಲಾಭ ಅಂದ್ರೆ ಸಿಕ್ತು ಅಂತ. ಮಳೆ ಬಂದು, ಹಂದಿ ಬಿಟ್ಟು, ಕಳ್ಳ ಬಿಟ್ಟು, ನಂಗೆ ಇಷ್ಟು ಸಿಕ್ತು. ಮೊದ್ಲು ಸಿಕ್ತು ಅನ್ಬೇಕು. ಎಷ್ಟು ಅನ್ನೋದು ಆಮ್ಯಾಕೆ.”

ಮುನಿವೆಂಕಟಪ್ಪ ಎದ್ದು ಪಂಚೆ ಕೊಡವಿಕೊಂಡರು. ಸಿಕ್ತು ಅಂತ ಅಂದ ಮೇಲೆ ಅಳತೆ ಶುರುವಾದ ಹಾಗೆಯೇ, ಅವಳು ಮುಗಿಸುವ ತನಕ ಕಾಯಬೇಕು ಎಂದು ಹೇಳಿ ಮನೆಗೆ ಹೋದರು. ಕೆಂಪರಾಜು ನನ್ನ ಕಡೆ ನೋಡಿದ ನೋಟದಲ್ಲಿ ಕಡಲೆಬೀಜದ ಆರ್ಡರು ರದ್ದಾದದ್ದು ಸ್ಪಷ್ಟವಾಗಿ ಕಂಡಿತು.

ಅಮ್ಮಯಮ್ಮ ಕೂತೇ ಇದ್ದಳು, ಕೂತರೆ ಮುಂದೇನಾಗುತ್ತದೆಂದು ಆಕೆಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದದ್ದು ಇಷ್ಟು. ರಾಗಿಗೆ ಯಂತ್ರ ಬಂದಿದೆ; ಹುರುಳಿಗೆ, ಅವರೆಗೆ ಈ ಕಡೆ ಇನ್ನೂ ಕೋಲೇ ಗತಿ. ಮುನಿವೆಂಕಟಪ್ಪನ ಸೊಸೆ ಕವಿತ ಪ್ರತಿ ವರ್ಷ ಮನೆಯ ತಾರಸಿಯ ಮೇಲೆ ಹುರುಳಿ ಬಡಿದು, ಕೆಳಗಿನವರ ಹತ್ತಿರ ಬೈಸಿಕೊಳ್ಳುತ್ತಿದ್ದಳು. ಬಂಡೆ ಹೇಗೂ ಖಾಲಿ ಬಿದ್ದಿದೆ, ಕಾರುಗಳೂ ಇಲ್ಲ ಎಂದು ಒಂದು ದಿನ ಹುರುಳಿ ಬಳ್ಳಿಯ ಹೊರೆ ತಂದು, ಒಂದು ಮೂಲೆಯಲ್ಲಿ ಹರಡಲೇ ಎಂದು ಕೇಳಿದಳು. ಹರಡ್ಕೊಳ್ಳಮ್ಮ, ಇದೇನು ನಮ್ಮಪ್ಪನ ಮನೇದಾ, ಎಂದಳು ಅಮ್ಮಯಮ್ಮ. ಹುರುಳಿಯ ಹಿಂದೆ ಇನ್ನೊಂದು ಮನೆಯ ಅವರೆ ಬಂತು, ಅದರ ಹಿಂದೆ ತೊಗರಿ, ಒಣಮೆಣಸಿನಕಾಯಿ. ಗೋಪುರಕ್ಕೆಂದು ತಲೆಯಾಡಿಸಿದ್ದ ಮನೆಗಳೇ ಎಲ್ಲ. ಬಿಸಿಲಿಗೆ ಬೆನ್ನು ಕೊಟ್ಟು ಕಾಳು ಬಡಿಯುತ್ತಾ ಹೆಂಗಸರು ಕೆಂಪರಾಜುವಿನ ಪಾರ್ಕಿಂಗಿನಲ್ಲಿ ತಮ್ಮ ಹಳೆಯ ಜಾಗಗಳನ್ನು ಹುಡುಕಿ ಹುಡುಕಿ ಹಿಡಿದರು. ಇದು ನಮ್ಮತ್ತೆ ಕೂರ್ತಿದ್ದ ಕಡೆ, ಇದು ನಿಮ್ಮದು, ಅಂಚಿಗೆ ಸರಿ ಎಂದು ಸಣ್ಣ ಜಗಳಗಳೂ ಆದವು.

ಆ ಹೊತ್ತಿಗೆ ನನಗೂ ಬುದ್ಧಿ ಕೆಟ್ಟಿತು. ಒಂದು ತೋಪಿನ ಹುಣಸೆಹಣ್ಣು ಪೂರ್ತಿ ಒಟ್ಟಿಗೆ ಕೊಂಡೆ. ಬೆಲೆ ಎಷ್ಟು ಇಳಿಸಿದರೂ ಮಾರುವವನು ಇಳಿಯುತ್ತಲೇ ಹೋದ, ನಾನು ‘ಲಾಭತ್ತಿನು ಕಿಟ್ಟಿ’ ಎಂದು ಮಲಯಾಳಂನಲ್ಲೇ ಹಿಗ್ಗಿದೆ. ಅಂಗಡಿಗೆ ತಂದು ಮೂಟೆ ಬಿಚ್ಚಿದರೆ ಮೇಲೆ ಒಣಗಿದ ಹಣ್ಣು, ನಡುವೆ ಒದ್ದೆ. ಬಿಸಿಲು ಕಾಣಿಸದಿದ್ದರೆ ಎರಡೇ ದಿನದಲ್ಲಿ ಬೂಷ್ಟು. ದೊಡ್ಡಬಳ್ಳಾಪುರದಲ್ಲಿ ಬಿಸಿಲಿಗೆ ಬರವಿಲ್ಲ, ಅದು ಬೀಳಲು ಖಾಲಿ ನೆಲಕ್ಕೆ ಬರ. ತಾರಸಿಗಳ ಮೇಲೆಲ್ಲ ನೂಲಿನ ಲಡಿಗಳು ನೇತಾಡುತ್ತಿರುತ್ತವೆ. ತಲೆಯ ಮೇಲೆ ಕೈ ಹೊತ್ತು ಕೂತವನನ್ನು ಚಲಪತಿ ಮೂಟೆಗಳ ಸಮೇತ ಗಾಡಿಗೆ ಹತ್ತಿಸಿಕೊಂಡ. ಗಾಡಿ ಬಂಡೆಯ ಅಂಚಿನಲ್ಲಿ ನಿಂತಿತು.

ಅಮ್ಮಯಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. “ಏನ್ ಸಾವ್ಕಾರ್ರೆ, ಈ ಸಲ ಯಾವ ಭಾಷೆದು ತಂದ್ರಿ?”

“ಹುಣಸೆಹಣ್ಣು ಅವ್ವಾ. ನಡುವೆ ಒದ್ದೆ ಐತೆ.”

“ಕೊಳ್ಳೋವಾಗ ಮೂಗು ಮನೇಲಿ ಬಿಟ್ಟೋಗಿದ್ರಾ?”

ಉತ್ತರಕ್ಕೆ ಕಾಯದೆ ಒಂದು ಮಗ್ಗುಲು ತೋರಿಸಿದಳು. ಬಂಡೆಗೆ ಗಾಡಿ ಹತ್ತಿಸುವಂತಿಲ್ಲವಲ್ಲ, ಮೂಟೆಗಳನ್ನು ನಾನೂ ಚಲಪತಿಯೂ ತಲೆಯ ಮೇಲೆ ಹೊತ್ತೆವು. ಕಾಳು ಬಡಿಯುತ್ತಿದ್ದ ಹೆಂಗಸರನ್ನೆಲ್ಲ ಆಕೆ ಕೂಗಿ ಕರೆದಳು. ಆ ಗಂಟಲಿಗೆ ಇಲ್ಲ ಎನ್ನುವವರಿಲ್ಲ. ಸಂಜೆಯವರೆಗೆ ಎಲ್ಲರೂ ಸೇರಿ ಹಣ್ಣು ಬಿಡಿಸಿ, ಹರಡಿ, ಮಗುಚಿ, ನಾರು ಬೀಜ ತೆಗೆದರು. ನಾನು ಕೂಲಿ ಕೊಡಲು ಜೇಬಿಗೆ ಕೈ ಹಾಕಿದೆ. ಅಮ್ಮಯಮ್ಮ ತಡೆದಳು. ಇದು ಮುಯ್ಯಿ, ಎಂದಳು. ಇವತ್ತು ನಾವು ನಿಮ್ಮ ಕೆಲಸಕ್ಕೆ, ನಾಳೆ ನೀವು ನಮ್ಮ ಕೆಲಸಕ್ಕೆ, ದುಡ್ಡು ಒಳಗಿಡಿ. ದುಡ್ಡು ಒಳಗಿಡಿ ಎಂದು ಕೇಳಿಸಿಕೊಂಡು ಅಭ್ಯಾಸವಿಲ್ಲದ ಕೈ ಸ್ವಲ್ಪ ಹೊತ್ತು ಜೇಬಿನಲ್ಲೇ ಉಳಿಯಿತು.

ಮಾರನೆಯ ದಿನ ಹಣ್ಣು ಮಗುಚಲು ಹೋದಾಗ ಕೆಂಪರಾಜುವಿನ ತಾಯಿ ಅನುಸೂಯಮ್ಮ ಬಂದಿದ್ದಳು. ಅವರ ಹೊಲದ ಬದುವಿನಲ್ಲೂ ಎರಡು ಹುಣಸೆಮರಗಳಿವೆ. ಮಂಡಿ ಹಿಡಿದುಕೊಂಡು, ಕುಂಟುತ್ತಾ, ಟಿಕೆಟ್ ಕೌಂಟರಿಗೆಂದು ಮಗ ಬಂಡೆಯ ಬಿರುಕಿನಲ್ಲಿ ಗೂಟ ಹೊಡೆದಿದ್ದ ಜಾಗದಲ್ಲೇ ಗೋಣಿ ಹಾಸಿ ಹಣ್ಣು ಸುರಿದಿದ್ದಳು. ಅಮ್ಮಯಮ್ಮ ಕರೆದಿರಲಿಲ್ಲ, ಕರೆದಿದ್ದರೆ ಬರುತ್ತಲೂ ಇರಲಿಲ್ಲ, ವಾರಗಿತ್ತಿಯರ ನಡುವಿನ ಲೆಕ್ಕವೇ ಬೇರೆ. ಕೆಂಪರಾಜು ಬೈಕಿನಲ್ಲಿ ಬಂದು, ಬೂಟು ಬಿಚ್ಚಿ, ಬರಿಗಾಲಲ್ಲಿ ತಾಯಿಯ ಎದುರು ನಿಂತ.

“ಅಮ್ಮ, ಇದು ಟಿಕೆಟ್ ಕೌಂಟರಿನ ಜಾಗ.”

“ಗೊತ್ತು ಕಣೋ. ಒಂಚೂರೂ ನೆರಳಿಲ್ಲ, ಚೆನ್ನಾಗಿ ಒಣಗ್ತದೆ. ಆ ಗೋಣಿ ತುದಿ ಇತ್ಲಾಗೆ ಎಳಿ.”

ಕೆಂಪರಾಜು ಸುತ್ತ ನೋಡಿದ. ಹುರುಳಿ, ತೊಗರಿ, ಮೆಣಸಿನಕಾಯಿ, ನನ್ನ ಹುಣಸೆಹಣ್ಣು, ನಡುವೆ ಟಾರ್ಪಾಲು ಹೊದ್ದ ರಾಶಿ. ಕಾರಿರಲಿ, ಒಂದು ಸೈಕಲ್ ನಿಲ್ಲಿಸಲೂ ಜಾಗವಿರಲಿಲ್ಲ. ಬಗ್ಗಿ ಗೋಣಿಯ ತುದಿ ಎಳೆದ. ಎಳೆದ ಮೇಲೆ ಗೂಟ ಅಡ್ಡ ಬಂತು. ಅದನ್ನೂ ಅವನೇ ಕಿತ್ತು ಪಕ್ಕಕ್ಕೆ ಎಸೆದ.

ಅವತ್ತು ಸಂಜೆ ಅವನು ಮುನಿವೆಂಕಟಪ್ಪನ ಜಗುಲಿಗೆ ಹೋಗಿ, ತೀರ್ಮಾನದಲ್ಲಿದ್ದ ಕೊನೆಯ ರಾಶಿ ಯಾವುದೆಂದು ಕೇಳಿದ. ಒಂದು ಎದ್ದರೆ ಇನ್ನೊಂದು ಬೀಳುತ್ತಿದೆ, ನಿಮ್ಮಮ್ಮನದೇ ಕೊನೆಯದೋ ಏನೋ, ಅವಳನ್ನೇ ಕೇಳಿ ಬಾ, ಎಂದರಂತೆ ಹಿರಿಯರು. ಅವನು ಕೇಳಲು ಹೋಗಲಿಲ್ಲ. ಊರೊಟ್ಟಿನ ಬಂಡೆ ಕಣವಾಗಿಯೇ ಇರಲಿ, ಇನ್ನು ಆ ಮಾತು ಎತ್ತುವುದಿಲ್ಲ ಎಂದು ನಾಲ್ಕು ಜನರ ಎದುರು ಹೇಳಿ ಎದ್ದ. ರಸ್ತೆಯ ಪಕ್ಕ ಅವನದೇ ಒಂದು ಕಲ್ಲು ಹೊಲವಿತ್ತು, ಏನೂ ಬೆಳೆಯದ್ದು. ಈಗ ಅದನ್ನು ಮಟ್ಟ ಮಾಡಿಸಿ ಪಾರ್ಕಿಂಗ್ ಮಾಡಿದ್ದಾನೆ. ಟೀ ಚೆನ್ನಾಗಿದೆ. ಮ್ಯಾಗಿಯ ಬಗ್ಗೆ ನಾನು ಅಭಿಪ್ರಾಯ ಕೊಡುವುದಿಲ್ಲ. ಕಡಲೆಬೀಜ ಇವತ್ತಿಗೂ ಬೇರೆ ಅಂಗಡಿಯದು.

ಅವನು ಆ ಮಾತು ಕೊಟ್ಟ ಸುದ್ದಿ ಬಂಡೆಗೆ ತಲುಪಿದ ಮಾರನೆಯ ಬೆಳಿಗ್ಗೆ ಅಮ್ಮಯಮ್ಮನ ಕೈನೋವು ಹೋಯಿತು. ನನಗೆ ಫೋನು ಬಂತು. ನಾವು ಹೋಗುವ ಹೊತ್ತಿಗೆ ಟಾರ್ಪಾಲು ಮಡಚಿ, ಬೂದಿಗೆರೆ ತಿದ್ದಿ, ಬೆನಕನಿಗೆ ಹೊಸ ಹೂ ಇಟ್ಟಾಗಿತ್ತು. ಹೆಂಗಸರು ಬಡಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಆಕೆ ಕೊಳಗ ತುಂಬಿ, ಅಂಗೈಯಲ್ಲಿ ಸವರಿ, ಬಾಯಿ ತೆರೆದುಕೊಂಡು ಅಷ್ಟು ದಿನ ಕಾದಿದ್ದ ಮೂಟೆಗೆ ಸುರಿದು, “ಎರಡು,” ಎಂದಳು. ನಡುವೆ ಏನೂ ಆಗಿಯೇ ಇಲ್ಲವೆಂಬಂತೆ ಮೂರಕ್ಕೆ ಕೈ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅಳತೆ ಮುಗಿದು, ನನ್ನ ಕಾಟಾದ ಮಾತನ್ನು ಎಂದಿನಂತೆ ನಂಬದೆ, ರಾಗಿಯನ್ನು ಕೊಟ್ಟಳು. ಗುಬ್ಬಿ ಇರುವೆಗಳು ತಿಂದದ್ದೆಷ್ಟು ಎಂದು ನಾನು ಕೇಳಿದೆ. ಅವಕ್ಕೂ ಸಿಕ್ತು ಬಿಡಿ, ಎಂದಳು.

ಹುಣಸೆಹಣ್ಣು ಒಣಗಿ ಕೃಷ್ಣಗಿರಿಯ ಲಾರಿ ಹತ್ತಿ ಹೋಗಿದೆ. ಆ ದಿನ ಬಂಡೆಯ ಮೇಲೆ ನನಗಾಗಿ ದುಡಿದವರಿಗೆಲ್ಲ ಚಲಪತಿ ತನ್ನ ಪಾಲಿನ ಮುಯ್ಯಿಯನ್ನು ಅವರವರ ಮೂಟೆ ಸಾಗಿಸಿ ತೀರಿಸಿದ್ದಾನೆ. ನಾನು ತೀರಿಸಿಲ್ಲ. ಬರುವ ಸುಗ್ಗಿಯಲ್ಲಿ ಬಂಡೆ ಗುಡಿಸುವುದು, ತೆನೆ ಹರಡುವುದು, ಹುಲ್ಲು ಒಟ್ಟುವುದು, ಹೀಗೆ ಬೆಳಗಿನಿಂದ ಬೈಗಿನವರೆಗೆ ಒಂದು ದಿನದ ಮೈಗೆಲಸವನ್ನು ನಾನು ಅಮ್ಮಯಮ್ಮನಿಗೆ ಕೊಡಬೇಕು.